ಮೊದಲ ಶುಕ್ರವಾರದ ನಕಲು

ಇಲಾರಿಯೋ ಅಯಾವಿರಿಯ ಹೆಸರೆತ್ತಿದರೆ ಸಾಕು, ನಮ್ಮ ಆಸ್ಪತ್ರೆಯಲ್ಲಿ ಈಗಲೂ ಮುಖ ಸಿಂಡರಿಸುವವರಿದ್ದಾರೆ. ಸಿಂಡರಿಸಲಿ. ಅವರಲ್ಲಿ ಅರ್ಧ ಜನ ಅವನ ಕೋಣೆಯ ಬಾಗಿಲು ಯಾವ ಕಡೆಗಿದೆ ಎಂದು ಕೂಡ ನೋಡಿದವರಲ್ಲ. ನಾನು ನೋಡಿದ್ದೇನೆ. ನನ್ನ ಎಕ್ಸ್-ರೇ ಕೋಣೆಗೂ ಅವನ ಕೋಣೆಗೂ ನಡುವೆ ಒಂದೇ ಗೋಡೆ. ನಾನು ಈ ಕಡೆ ನಮ್ಮ ಓರೂರೋ ಊರಿನ ಗಣಿಗಾರರ ಎದೆಯ ಚಿತ್ರ ತೆಗೆಯುತ್ತಿದ್ದೆ, ಅವನು ಆ ಕಡೆ ಕೂತು ಆ ಚಿತ್ರಗಳನ್ನು ಕಾಯುತ್ತಿದ್ದ. ಅವನ ಕಥೆ ಹೇಳುವ ಹಕ್ಕು ಉಳಿದವರಿಗಿಂತ ನನಗೆ ಒಂದು ಕೈ ಹೆಚ್ಚೇ ಇದೆ.

ಅವನು ಹುಟ್ಟಿದ್ದು ಗಣಿಯ ಕ್ಯಾಂಪಿನಲ್ಲಿ, ತಗಡಿನ ಸೂರಿನ ಕೆಳಗೆ. ಅಪ್ಪ ತವರದ ಗಣಿಯಲ್ಲಿ ಬಂಡೆ ಕೊರೆಯುವವನು. ಕಲ್ಲಿನ ಧೂಳು ವರ್ಷಾನುಗಟ್ಟಲೆ ಒಳಗೆ ಇಳಿದು ಕೊನೆಗೆ ಎದೆಯೇ ಕಲ್ಲಾಗುವ ರೋಗಕ್ಕೆ ನಮ್ಮಲ್ಲಿ ಗಣಿರೋಗ ಎನ್ನುತ್ತಾರೆ. ಅಪ್ಪ ಅದರಲ್ಲೇ ಸತ್ತ. ಬದುಕಿದ್ದಾಗ ಒಂದು ಚಿತ್ರವನ್ನೂ ತೆಗೆಸಿರಲಿಲ್ಲ. ಚಿತ್ರ ಇಲ್ಲದವನಿಗೆ ರೋಗವೂ ಇಲ್ಲ ಎಂದು ಕಂಪನಿಯವರು ಕೈತೊಳೆದುಕೊಂಡರು. ವಿಧವೆಗೆ ಪಿಂಚಣಿ ಬರಲಿಲ್ಲ. ಅಮ್ಮ ಬಸ್ ನಿಲ್ದಾಣದ ಪಕ್ಕ ಬಿಸಿ ಆಪಿ ಮಾರುತ್ತಾ ಕೂತಳು. ಕೆನ್ನೀಲಿ ಜೋಳದ ಆ ಗಂಜಿಯ ಪಾತ್ರೆ ತೊಳೆಯುತ್ತಲೇ ಇವನು ಕಂಪ್ಯೂಟರ್ ಕಲಿತ.

ಹಾಗಾಗಿ ನಮ್ಮ ಆಸ್ಪತ್ರೆಗೆ ಡಿಸ್ಕ್ ಯಂತ್ರಗಳು ಬಂದು, ಅವನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿದಾಗ, ಅವನಿಗೆ ಅದು ಬರೀ ಸಂಬಳದ ಕೆಲಸವಾಗಿರಲಿಲ್ಲ. ಹಾಸಿಗೆ ಬಟ್ಟೆ ಇಡುತ್ತಿದ್ದ ಉಗ್ರಾಣವನ್ನು ಖಾಲಿ ಮಾಡಿಸಿ, ತಾನೇ ಸುಣ್ಣ ಹೊಡೆದು, ಎರಡು ಕಬ್ಬಿಣದ ಬೀರುಗಳನ್ನು ನಿಲ್ಲಿಸಿದ. ದೊಡ್ಡದರ ತುಂಬ ಸಾಲು ಸಾಲು ಡಿಸ್ಕುಗಳು. ಅದಕ್ಕೆ ದಪ್ಪಕ್ಕ ಎಂದು ಹೆಸರಿಟ್ಟ. ಪಕ್ಕದಲ್ಲಿದ್ದ ಚಿಕ್ಕದು ಸಣ್ಣಕ್ಕ. ನಾನು ತೆಗೆದ ಚಿತ್ರ, ಡಾಕ್ಟರು ಅದರ ಮೇಲೆ ಬರೆದ ವರದಿ, ಎಲ್ಲವೂ ನೇರ ದಪ್ಪಕ್ಕನ ಹೊಟ್ಟೆಗೆ. ದಪ್ಪಕ್ಕನಿಗೆ ಏನಾದರೂ ಆದರೆ ಇರಲಿ ಎಂದು ಅದರದೊಂದು ನಕಲು ಸಣ್ಣಕ್ಕನ ಹತ್ತಿರ.

"ನಿನ್ನ ಈ ಹೆಂಡಂದಿರು ಏನಂತಾರೆ ಇವತ್ತು?" ಎಂದು ನಾನು ಬೆಳಿಗ್ಗೆ ಬಾಗಿಲಲ್ಲಿ ಇಣುಕಿ ಕೇಳುತ್ತಿದ್ದೆ.

"ಹೆಂಡಂದಿರಲ್ಲ ದೋನ್ಯಾ ವಿಸೀತಾ, ಅತ್ತೆಯಂದಿರು. ಜೋರು ಮಾತಾಡಂಗಿಲ್ಲ," ಎನ್ನುತ್ತಿದ್ದ. ದೋನ್ಯಾ ಎಂದರೆ ನಮ್ಮಲ್ಲಿ ಅಮ್ಮಾವ್ರೇ ಎಂದ ಹಾಗೆ, ಗಂಡಸರಿಗಾದರೆ ದೋನ್.

ಮೊದಲೆಲ್ಲ ನಾವು ಫಿಲ್ಮನ್ನೇ ಜನರ ಕೈಗೆ ಕೊಡುತ್ತಿದ್ದೆವು. ಅವರು ಅದನ್ನು ಒಡೆದ ಕಿಟಕಿ ಗಾಜಿಗೆ ಅಂಟಿಸುತ್ತಿದ್ದರು, ಗ್ರಹಣ ಬಂದರೆ ಕತ್ತರಿಸಿ ಕಣ್ಣಿಗೆ ಹಿಡಿಯುತ್ತಿದ್ದರು. ಯಂತ್ರ ಬಂದ ಮೇಲೆ ಫಿಲ್ಮ್ ನಿಂತುಹೋಯಿತು. "ಎಲ್ಲಾ ಒಳಗಿದೆ, ಭದ್ರವಾಗಿದೆ, ಬೇಕಾದಾಗ ಬನ್ನಿ," ಎಂದು ಹೇಳಿ ಕಳಿಸುತ್ತಿದ್ದೆವು. ಜನ ನಂಬಿದರು. ನಾವೂ ನಂಬಿದ್ದೆವು.

ನಕಲಿನ ಏರ್ಪಾಡನ್ನು ಮಾಡಿಟ್ಟು ಹೋದವನು ಸಾಂತಾ ಕ್ರೂಸ್‌ನ ಎಂಜಿನಿಯರ್, ಕೆಳಗಿನ ಬಿಸಿಲು ಸೀಮೆಯವನು. ಇಲ್ಲಿನ ಚಳಿಗೆ ಮೂಗು ಕೆಂಪು ಮಾಡಿಕೊಂಡು, ಎರಡು ಕೋಟು ಹಾಕಿಕೊಂಡು ಕೆಲಸ ಮಾಡಿದ. ಅವನ ಏರ್ಪಾಡು ಸರಳವಾಗಿತ್ತು. ದಿನಾ ರಾತ್ರಿ, ಆ ದಿನ ಹೊಸದಾಗಿ ಬಂದ ಚಿತ್ರಗಳನ್ನಷ್ಟೇ ಸಣ್ಣಕ್ಕ ನಕಲು ಮಾಡಿಕೊಳ್ಳಬೇಕು. ಆ ದಿನದ ನಕಲುಗಳು ಒಂದು ತಿಂಗಳಿದ್ದು, ಜಾಗ ಬೇಕಲ್ಲ, ತಾವಾಗಿಯೇ ಅಳಿಸಿಹೋಗುತ್ತವೆ. ಅಳಿದರೆ ಚಿಂತೆಯಿಲ್ಲ, ಯಾಕೆಂದರೆ ತಿಂಗಳಿಗೊಮ್ಮೆ ಸಣ್ಣಕ್ಕ ದಪ್ಪಕ್ಕನನ್ನು ಬುಡದಿಂದ ತುದಿಯವರೆಗೆ ಪೂರ್ತಿ ನಕಲು ಮಾಡಿಕೊಳ್ಳುತ್ತಾಳೆ. ಆ ಪೂರ್ತಿ ನಕಲಿಗೆ ಇಡೀ ರಾತ್ರಿ ಬೇಕು. ಶನಿವಾರ ಹೊರರೋಗಿಗಳಿಲ್ಲ, ಹಾಗಾಗಿ ಶುಕ್ರವಾರ ರಾತ್ರಿ ಒಳ್ಳೆಯದು ಎಂದು ಅವನು ಲೆಕ್ಕ ಹಾಕಿ, ತಿಂಗಳ ಮೊದಲ ಶುಕ್ರವಾರ ಎಂದು ಒತ್ತಿಟ್ಟು ಬಸ್ಸು ಹತ್ತಿದ.

ಅವನ ತಪ್ಪೇನಿಲ್ಲ. ಅವನ ಊರಲ್ಲಿ ಮೊದಲ ಶುಕ್ರವಾರವೂ ಒಂದೇ, ಮೂರನೇ ಬುಧವಾರವೂ ಒಂದೇ. ನಮ್ಮಲ್ಲಿ ಹಾಗಲ್ಲ. ಮೊದಲ ಶುಕ್ರವಾರ ಸಂಜೆ ಓರೂರೋದಲ್ಲಿ ಅಂಗಡಿ, ಗ್ಯಾರೇಜು, ವಕೀಲರ ಕಚೇರಿ, ಎಲ್ಲೆಲ್ಲೂ ಕೋವಾ ಎಂಬ ಧೂಪದ ಪೂಜೆ. ಕೆಂಡದ ಮೇಲೆ ಕೋವಾ ಸೊಪ್ಪು, ಲಾಮಾ ಎಂಬ ನಮ್ಮ ಬೆಟ್ಟದ ಪ್ರಾಣಿಯ ಕೊಬ್ಬು, ಬಣ್ಣದ ಉಣ್ಣೆ, ಸಕ್ಕರೆ ಅಚ್ಚುಗಳನ್ನಿಟ್ಟು ಭೂಮಿತಾಯಿಗೆ ಹೊಗೆ ಉಣಿಸುತ್ತೇವೆ. ಉಣಿಸದಿದ್ದರೆ ಅವಳು ತಾನೇ ಎತ್ತಿಕೊಂಡು ತಿನ್ನುತ್ತಾಳೆ.

ನಮ್ಮ ಆಸ್ಪತ್ರೆಯಲ್ಲಿ ಕೋವಾ ಮಾಡುತ್ತಿದ್ದವನು ದೋನ್ ಸಾಬಿನೋ ಪೋಮಾ. ಅವನು ಇಲಾರಿಯೋನ ಕಂಪಾದ್ರೆ. ಎಂದರೆ, ಇಲಾರಿಯೋನ ಮಗಳಿಗೆ ಇಗರ್ಜಿಯಲ್ಲಿ ನೀರು ಹಾಕಿಸುವಾಗ ಎತ್ತಿ ಹಿಡಿದು ಧರ್ಮಪಿತನಾದವನು. ಆಮೇಲೆ ಆ ಮನೆಯವರು ಇವನನ್ನೂ ಕಂಪಾದ್ರೆ ಎಂದೇ ಕರೆಯುತ್ತಾರೆ; ಆ ನಂಟು ರಕ್ತಕ್ಕಿಂತ ಗಟ್ಟಿ. ಸಾಬಿನೋ ಆಗಿನ್ನೂ ಗಣಿಯಲ್ಲಿ ಕೊರೆಯುತ್ತಿದ್ದ. ಅವನ ಹೆಂಡತಿ ದೋನ್ಯಾ ಆಸುಂತಾ ಬೀದಿಯಲ್ಲಿ ಕೋವಾ ಸಾಮಾನು ಮಾರುತ್ತಿದ್ದಳು. ಇಲಾರಿಯೋ ಪ್ರತಿ ತಿಂಗಳು ಆಸ್ಪತ್ರೆಗೆ ಬೇಕಾದ ಪೊಟ್ಟಣ ತರಲು ಅವಳ ಹತ್ತಿರ ಹೋಗುತ್ತಿದ್ದ, ಪ್ರತಿ ತಿಂಗಳೂ ದುಡ್ಡು ಚಾಚುತ್ತಿದ್ದ, ಪ್ರತಿ ತಿಂಗಳೂ ಅವಳು ಅವನ ಕೈಗೊಂದು ಏಟು ಕೊಡುತ್ತಿದ್ದಳು.

"ಕಂಪಾದ್ರೆ ಹತ್ರ ದುಡ್ಡಾ? ಜೇಬಲ್ಲಿಟ್ಕೊ, ನಾಚಿಕೆ ಇಲ್ದೋನೇ."

ಹೊಸ ಕೋಣೆಯಲ್ಲಿ ಕರೆಂಟು ಪದೇಪದೇ ಹೋಗುತ್ತಿತ್ತು. ಆ ನೆಲಕ್ಕೆ ಇನ್ನೂ ಏನೂ ಉಣಿಸಿಲ್ಲ, ಅದಕ್ಕೇ ಎಂದು ದಾದಿಯರು ಗೊಣಗಿದರು. ಆಗಸ್ಟ್ ಬಂತು, ಭೂಮಿ ಬಾಯಿ ತೆರೆದು ಕೂರುವ ತಿಂಗಳು. ಸಾಬಿನೋ ಅಗ್ಗಿಷ್ಟಿಕೆ ಹಿಡಿದು ಬಂದು ಆ ಕೋಣೆಯ ಹೊಸ್ತಿಲಲ್ಲೇ ಇಟ್ಟ. ಹೊಗೆ ಎದ್ದದ್ದೇ ತಡ, ದಪ್ಪಕ್ಕನ ಫ್ಯಾನುಗಳು ಅದನ್ನು ಸೊರಸೊರ ಎಳೆದುಕೊಂಡವು. ಮಾರನೆಯ ದಿನ ಇಲಾರಿಯೋ ಬೀರು ಬಿಚ್ಚಿ ನೋಡಿದರೆ ರೆಕ್ಕೆಗಳ ಮೇಲೆ ಲಾಮಾ ಕೊಬ್ಬಿನ ಮಸಿ. ಒಂದು ವಾರ ಹತ್ತಿ ಹಿಡಿದು ಉಜ್ಜಿದ.

ಮುಂದಿನ ತಿಂಗಳು ಸಾಬಿನೋ ಅಗ್ಗಿಷ್ಟಿಕೆ ಇಡುವ ಮುಂಚೆ ಒಳಗೆ ನೋಡಿ ತಲೆಯಾಡಿಸಿದ.

"ಕಂಪಾದ್ರೆ, ಇವರನ್ನ ಆರಿಸಿಬಿಡು. ಹೊಗೆ ಕುಡಿದ್ರೆ ಇವರೂ ನನ್ನ ಥರ ಕೆಮ್ಮೋಕೆ ಶುರು ಮಾಡ್ತಾರೆ."

"ಇವರು ಮಲಗೋ ಜಾತಿ ಅಲ್ಲ ಕಂಪಾದ್ರೆ."

"ಮಲಗದೇ ಇರೋ ಜಾತಿ ಯಾವ್ದಯ್ಯಾ? ಗಣಿ ಒಳಗಿರೋ ತೀಯೋ ದೇವರೇ ಶುಕ್ರವಾರ ಕುಡಿದು ಬೀಳ್ತಾನೆ. ಒಂದು ರಾತ್ರಿ ಮಲಗಿಸು, ಬೆಳಿಗ್ಗೆ ಎಬ್ಬಿಸು."

ಇಲಾರಿಯೋ ಆರಿಸಿದ. ಅಂದಿನಿಂದ ಅದೇ ಪದ್ಧತಿಯಾಯಿತು. ಮೊದಲ ಶುಕ್ರವಾರ ಸಂಜೆ ಇಬ್ಬರು ಅಕ್ಕಂದಿರೂ ಮಲಗುವುದು, ಹೊಗೆ ಪೂರ್ತಿ ಇಳಿದ ಮೇಲೆ ಶನಿವಾರ ಬೆಳಿಗ್ಗೆ ಏಳುವುದು. ಪೂರ್ತಿ ನಕಲು ಅದೇ ರಾತ್ರಿ ನಡೆಯಬೇಕಿತ್ತು ಎಂಬುದು ಅವನಿಗೆ ಮರೆತಿರಲಿಲ್ಲ. ತಪ್ಪಿದ ಕೆಲಸವನ್ನು ಎದ್ದ ಮೇಲೆ ಯಂತ್ರ ತಾನೇ ಮಾಡಿ ಮುಗಿಸುತ್ತದೆ ಎಂದುಕೊಂಡಿದ್ದ. ಮನುಷ್ಯರಾದರೆ ಹಾಗೆ ಮಾಡುತ್ತಾರೆ. ಯಂತ್ರ ಹಾಗಲ್ಲವಂತೆ, ಹೊತ್ತು ಮೀರಿತೆಂದರೆ ಮುಂದಿನ ತಿಂಗಳವರೆಗೆ ಅದರ ಪಾಲಿಗೆ ಆ ಕೆಲಸವೇ ಇಲ್ಲ. ನಡೆದು ಕೆಟ್ಟ ಕೆಲಸಕ್ಕೆ ಕೆಂಪು ದೀಪ ಹತ್ತುತ್ತದೆ; ನಡೆಯದೇ ಹೋದ ಕೆಲಸಕ್ಕೆ ಯಾವ ದೀಪವೂ ಇಲ್ಲ. ದಿನದ ನಕಲು ಸರಿಯಾಗಿ ಆಗುತ್ತಿದ್ದುದರಿಂದ ಸಣ್ಣಕ್ಕನ ಹಣೆಯಲ್ಲಿ ದಿನಾ ಬೆಳಿಗ್ಗೆ ಹಸಿರು ದೀಪ ಉರಿಯುತ್ತಿತ್ತು. ಅವನು ಅದನ್ನು ನೋಡಿ ಶಿಲುಬೆ ಗುರುತು ಹಾಕಿಕೊಂಡು ಚಹಾ ಕುಡಿಯಲು ಹೋಗುತ್ತಿದ್ದ.

ಅನುಮಾನ ಬರಲು ದಾರಿಯೂ ಇರಲಿಲ್ಲ. ಒಮ್ಮೆ ಎಳೆಯ ಡಾಕ್ಟರೊಬ್ಬ ಹಿಂದಿನ ದಿನದ ಚಿತ್ರಗಳನ್ನು ಕೈತಪ್ಪಿ ಅಳಿಸಿಬಿಟ್ಟ. ಇಲಾರಿಯೋ ಸಣ್ಣಕ್ಕನಿಂದ ಅವನ್ನು ಕರೆದು ತಂದು ಕೊಟ್ಟ. ನಿರ್ದೇಶಕರಾದ ಡಾಕ್ಟರ್ ಉಗಾರ್ತೆ ಎಲ್ಲರೆದುರಿಗೆ ಅವನ ಬೆನ್ನು ತಟ್ಟಿದರು. ನಿನ್ನೆಯದು ಬಂದರೆ ಐದು ವರ್ಷದ ಹಿಂದಿನದೂ ಬರುತ್ತದೆ ಎಂದು ನಾವೆಲ್ಲ ತಿಳಿದೆವು. ಹಳೆಯದೊಂದನ್ನು ಕರೆದು ನೋಡೋಣ ಎಂದು ಯಾರಿಗೂ ತೋಚಲಿಲ್ಲ.

ಈ ನಡುವೆ ಸಾಬಿನೋ ಗಣಿ ಬಿಟ್ಟ. ಬಿಡುವ ವಾರ ನನ್ನ ಹತ್ತಿರ ಎದೆಯ ಚಿತ್ರ ತೆಗೆಸಿದ. ನಾನು ತೆಗೆದ ಚಿತ್ರವನ್ನು ನಾನು ಮರೆಯುವವಳಲ್ಲ. ಎರಡೂ ಕಡೆ ಬಿಳಿ ಮರಳು ಎರಚಿದಂತಿತ್ತು. ವರದಿಯಲ್ಲಿ ಡಾಕ್ಟರು ಗಣಿರೋಗ ಎಂದೇ ಬರೆದರು.

"ಈಗಲೇ ಪಿಂಚಣಿಗೆ ಅರ್ಜಿ ಹಾಕು ದೋನ್ ಸಾಬಿನೋ," ಎಂದೆ.

"ಹಾಕಿದ್ರೆ ನಾನು ರೋಗಿ ಅಂತ ಮೊಹರು ಬೀಳುತ್ತೆ ದೋನ್ಯಾ ವಿಸೀತಾ. ಆಮೇಲೆ ಬೆಟ್ಟ ಹತ್ತೋ ಕೆಲಸಕ್ಕೂ ಕರೆಯಲ್ಲ, ಮದುವೆ ಮನೇಲಿ ಕುಣಿಯೋಕೂ ಕರೆಯಲ್ಲ. ಇನ್ನೂ ಗಟ್ಟಿ ಇದೀನಿ. ಚಿತ್ರ ನಿಮ್ಮ ಹತ್ರ ಇದ್ಯಲ್ಲ, ಎಲ್ಲಿಗೆ ಓಡಿಹೋಗುತ್ತೆ?"

ಹೆಂಡತಿಯ ಜೊತೆ ಬೀದಿಯಲ್ಲಿ ಕೂತು ಪೊಟ್ಟಣ ಕಟ್ಟಿದ, ಕರೆದ ಮನೆಗಳಿಗೆ ಹೋಗಿ ಕೋವಾ ಹಚ್ಚಿದ. ಗಟ್ಟಿ ಇದ್ದೇನೆ ಎನ್ನುತ್ತಲೇ ಸೊರಗಿದ. ಕೊನೆಗೆ ಮಾರುಕಟ್ಟೆಯಿಂದ ಮನೆಗೆ ನಡೆಯಲು ಮೂರು ಕಡೆ ಕೂರುವಂತಾದಾಗ ಅರ್ಜಿ ಹಾಕಿದ. ಜುಲೈನಲ್ಲಿ ನಾನು ಹೊಸ ಚಿತ್ರ ತೆಗೆದೆ. ತೆಗೆದು ಸ್ವಲ್ಪ ಹೊತ್ತು ಆ ಕಡೆ ತಿರುಗಿ ನಿಂತೆ, ಅವನಿಗೆ ನನ್ನ ಮುಖ ಕಾಣಬಾರದೆಂದು.

ಪಿಂಚಣಿ ತೀರ್ಮಾನಿಸುವ ಲಾ ಪಾಸ್‌ನ ವೈದ್ಯ ಮಂಡಳಿ ಆ ಚಿತ್ರ ನೋಡಿ ಹೇಳಿದ್ದು ಇಷ್ಟು. ಎದೆ ಹಾಳಾಗಿದೆ, ನಿಜ. ಆದರೆ ಈತ ಗಣಿ ಬಿಟ್ಟು ವರ್ಷಗಳಾಗಿವೆ, ಅಂದಿನಿಂದ ದಿನವೂ ಧೂಪದ ಹೊಗೆಯಲ್ಲಿ ಕೂತಿದ್ದಾನೆ. ಇದು ಹೊಗೆಯಿಂದ ಬಂದದ್ದಿರಬಹುದು. ಗಣಿ ಬಿಟ್ಟಾಗಲೇ ರೋಗ ಇತ್ತೆಂದು ತೋರಿಸುವ ಆಗಿನ ಚಿತ್ರ ತಂದರೆ ಪಿಂಚಣಿ, ಅವನ ನಂತರ ಹೆಂಡತಿಗೂ ಪಿಂಚಣಿ, ಇಲ್ಲವಾದರೆ ಇಲ್ಲ.

ಸಾಬಿನೋ ನಗುತ್ತಲೇ ನಮ್ಮಲ್ಲಿಗೆ ಬಂದ. "ನೋಡಿದ್ರಾ, ಭೂಮಿತಾಯಿ ಮೇಲೇ ದೂರು ಹಾಕಿದಾರೆ ಲಾ ಪಾಸ್‌ನೋರು. ಕಂಪಾದ್ರೆ, ನನ್ನ ಹಳೇ ಎದೆ ಕೊಡು."

ಇಲಾರಿಯೋ ಕುರ್ಚಿ ಎಳೆದು ಅವನನ್ನು ಕೂರಿಸಿದ. "ಇದೆ ಕಂಪಾದ್ರೆ, ದಪ್ಪಕ್ಕನ ಹತ್ರ ಭದ್ರವಾಗಿದೆ. ಹೊರಗೆ ಕೊಡಬೇಕಾದ್ರೆ ಡಾಕ್ಟರ್ ಉಗಾರ್ತೆ ಸಹಿ ಬೇಕು, ಅವರು ರಜೆ. ಸೋಮವಾರ ಬರ್ತಾರೆ. ಶುಕ್ರವಾರ ಕೋವಾ ಮುಗಿಸು, ಸೋಮವಾರ ನಾನೇ ಮನೆಗೆ ತಂದುಕೊಡ್ತೀನಿ."

ಇವತ್ತಿಗೂ ಆ ಸಹಿಯ ನೆನಪಾದರೆ ನನ್ನ ಹೊಟ್ಟೆ ಉರಿಯುತ್ತದೆ.

ಅದು ಆಗಸ್ಟ್‌ನ ಮೊದಲ ಶುಕ್ರವಾರ, ವರ್ಷದ ದೊಡ್ಡ ಕೋವಾ. ಸಾಬಿನೋಗೆ ಕೆಂಡ ಊದಲು ಉಸಿರಿರಲಿಲ್ಲ. ದಾದಿಯೊಬ್ಬಳು ರಟ್ಟಿನಿಂದ ಬೀಸಿದಳು. ಅವನು ಸಕ್ಕರೆ ಅಚ್ಚುಗಳನ್ನು ಒಂದೊಂದಾಗಿ ಇಟ್ಟ. ಒಂದರಲ್ಲಿ ಮನೆ, ಒಂದರಲ್ಲಿ ಕಪ್ಪೆ, ಒಂದರಲ್ಲಿ ಕೈಹಿಡಿದ ಗಂಡಹೆಂಡತಿ. ಆಸ್ಪತ್ರೆಗೆ, ಡಾಕ್ಟರಿಗೆ, ಕಂಪಾದ್ರೆಯ ಇಬ್ಬರು ಅಕ್ಕಂದಿರಿಗೆ ಆಯುಸ್ಸು ಕೇಳಿದ. ತನಗೆ ಏನೂ ಕೇಳಿಕೊಳ್ಳಲಿಲ್ಲ. ಇಲಾರಿಯೋ ಎಂದಿನಂತೆ ಯಂತ್ರಗಳನ್ನು ಆರಿಸಿದ್ದ. ಆಗಸ್ಟ್ ನಮ್ಮಲ್ಲಿ ಚಳಿಗಾಲ; ಆ ರಾತ್ರಿ ಊರಿನ ನಲ್ಲಿಗಳೆಲ್ಲ ಹೆಪ್ಪುಗಟ್ಟುವಷ್ಟು ಚಳಿ ಬಿತ್ತು.

ಶನಿವಾರ ಬೆಳಿಗ್ಗೆ ಗೋಡೆಯಾಚೆಯಿಂದ ಬಂದ ಸದ್ದು ಕೇಳಿ ನಾನು ಎದ್ದು ಹೋದೆ. ಟಕ್, ಟಕ್, ಟಕ್ ಎಂದು ಏನೋ ಒಳಗೆ ಬಡಿದುಕೊಳ್ಳುತ್ತಿತ್ತು. ಇಲಾರಿಯೋ ದಪ್ಪಕ್ಕನ ಮೇಲೆ ಅಂಗೈ ಊರಿ ನಿಂತಿದ್ದ.

"ಏನಾಯ್ತೋ?"

"ಎರಡು ಡಿಸ್ಕ್ ತಿರುಗ್ತಾ ಇಲ್ಲ. ಚಳಿಗೆ ಮರಗಟ್ಟಿವೆ." ಅವನು ಮಾತು ಮುಗಿಸುವಷ್ಟರಲ್ಲಿ ಮೂರನೆಯದೂ ಬಡಿದುಕೊಳ್ಳತೊಡಗಿತು. "ಒಂದೆರಡು ಸತ್ರೆ ಉಳಿದೋವು ಸೇರಿ ತುಂಬಿಕೊಡ್ತವೆ. ಮೂರು ಸತ್ರೆ ಆಗಲ್ಲ. ದಪ್ಪಕ್ಕ ಹೋದಳು ದೋನ್ಯಾ ವಿಸೀತಾ."

ಹಳೆಯ ಡಿಸ್ಕುಗಳು ತಿರುಗುತ್ತಲೇ ಇದ್ದರೆ ವರ್ಷಗಟ್ಟಲೆ ಬಾಳುತ್ತವಂತೆ. ಆರಿಸಿ ಹಚ್ಚುವಾಗಲೇ ಅವು ಸಾಯುವುದು ಹೆಚ್ಚು. ಇದನ್ನೂ ಅವನು ಆಮೇಲೆ ಹೇಳಿದ್ದು.

ಆದರೂ ಆಗ ಅವನು ಗಾಬರಿಯಾಗಿರಲಿಲ್ಲ. ಇಂಥ ದಿನಕ್ಕೆಂದೇ ಅಲ್ಲವೇ ಸಣ್ಣಕ್ಕ ಇರುವುದು? ಅವಳ ಹಣೆಯಲ್ಲಿ ಹಸಿರು ದೀಪ ಇತ್ತು. ಎತ್ತಿಟ್ಟಿದ್ದ ಹೊಸ ಡಿಸ್ಕುಗಳನ್ನು ತಂದು ಹಾಕಿದ, ಸಣ್ಣಕ್ಕನಿಂದ ಎಲ್ಲವನ್ನೂ ವಾಪಸು ಸುರಿಯಲು ಹಚ್ಚಿದ. "ರಾತ್ರಿವರೆಗೂ ಹಿಡಿಯುತ್ತೆ. ಬನ್ನಿ, ಆಪಿ ಕುಡಿದು ಬರೋಣ," ಎಂದ. ನಾವು ಗೇಟಿನಾಚೆ ಹೋಗಿ ಬಿಸಿ ಆಪಿ ಕುಡಿದು, ಗಿಣ್ಣು ತುಂಬಿದ ಕರಿದ ಪೂರಿ ತಿಂದು, ದಪ್ಪಕ್ಕನ ಆತ್ಮಕ್ಕೆ ಶಾಂತಿ ಕೋರಿ ನಗಾಡಿ ಬಂದೆವು.

ಬಂದು ನೋಡಿದರೆ ಎಲ್ಲ ಸುರಿದು ಮುಗಿದಿತ್ತು. ಅಷ್ಟು ಬೇಗ ಮುಗಿದದ್ದೇ ಕೆಟ್ಟ ಸುದ್ದಿ. ಇಲಾರಿಯೋ ಪರದೆಯ ಮುಂದೆ ಕೂತ. ಮೊದಲ ವರ್ಷದ ಚಿತ್ರಗಳಿದ್ದವು. ಯಂತ್ರ ಆರಿಸುವ ಪದ್ಧತಿ ಶುರುವಾಗುವ ಮುಂಚೆ ನಡೆದಿದ್ದ ಕೊನೆಯ ಪೂರ್ತಿ ನಕಲು ಅದು. ಕಳೆದ ಒಂದು ತಿಂಗಳ ಚಿತ್ರಗಳಿದ್ದವು. ನಡುವಿನ ಅಷ್ಟೂ ವರ್ಷ ಇರಲಿಲ್ಲ. ಪೋಮಾ ಎಂದು ಒತ್ತಿದ. ಒಂದೇ ಒಂದು ಚಿತ್ರ ಬಂತು, ಜುಲೈನದು. ಅಳಿಸಿ ಮತ್ತೆ ಒತ್ತಿದ. ಮತ್ತೆ ಅದೇ ಬಂತು.

"ಇನ್ನೆಲ್ಲಾದ್ರೂ ಇರುತ್ತೆ, ಸರಿಯಾಗಿ ಹುಡುಕೋ," ಎಂದೆ.

ಅವನು ಬೆರಳು ಮಡಚುತ್ತಾ ಹೇಳಿದ. "ಶುಕ್ರವಾರ ರಾತ್ರಿ ನಕಲು. ಶುಕ್ರವಾರ ರಾತ್ರಿ ನಾನು ಆರಿಸ್ತೀನಿ. ಪ್ರತಿ ತಿಂಗಳು ಆರಿಸ್ತೀನಿ. ಅಯ್ಯೋ ತಾಯಿ, ಪ್ರತಿ ತಿಂಗಳು ನನ್ನ ಕೈಯಾರೆ ಆರಿಸ್ತೀನಿ."

ಆ ಕೋಣೆಯಲ್ಲಿ ಇನ್ನೂ ಕೋವಾದ ವಾಸನೆ ಇತ್ತು.

ಸತ್ತ ಡಿಸ್ಕುಗಳನ್ನು ಬೇರೆ ದೇಶಕ್ಕೆ ಕಳಿಸಿ ನೋಡಿದರು. ಒಳಗಿನ ತಟ್ಟೆಗಳು ಗೀಚಿಹೋಗಿವೆ, ಏನೂ ಸಿಗುವುದಿಲ್ಲ ಎಂಬ ಉತ್ತರದ ಜೊತೆ ಅವು ವಾಪಸು ಬಂದವು. ಡಾಕ್ಟರ್ ಉಗಾರ್ತೆ ಇಲಾರಿಯೋನನ್ನು ಕರೆದು ಬಾಗಿಲು ಹಾಕಿಕೊಂಡರು. ಬೈಯಲಿಲ್ಲ. ಕೇಳಿದವರಿಗೆಲ್ಲ ಸಿಡಿಲು ಹೊಡೆಯಿತು ಎಂದು ಹೇಳು, ಅದು ದೇವರ ಕೆಲಸ, ಯಾರೂ ಪ್ರಶ್ನಿಸುವುದಿಲ್ಲ ಎಂದರು. ಆಗಸ್ಟ್‌ನಲ್ಲಿ ನಮ್ಮ ಕಡೆ ಎಲ್ಲಿಯ ಸಿಡಿಲು! ಇಲಾರಿಯೋ ತಲೆಯಾಡಿಸಿ ಹೊರಬಂದು ನೇರ ನನ್ನ ಕೋಣೆಗೆ ಬಂದ.

"ನನ್ ಜೊತೆ ಬರ್ತೀರಾ? ಒಬ್ಬನೇ ಹೋದ್ರೆ ನಾನೂ ಸಿಡಿಲು ಅಂದುಬಿಡ್ತೀನಿ."

ಸಾಬಿನೋನ ಮನೆ ಬೆಟ್ಟದ ಇಳಿಜಾರಿನಲ್ಲಿ. ಅವನು ಬಿಸಿಲಿಗೆ ಕುರಿಚರ್ಮದ ಮೇಲೆ ಕೂತು ಕೆನ್ನೆಯಲ್ಲಿ ಕೋಕಾ ಎಲೆ ಇಟ್ಟುಕೊಂಡಿದ್ದ. ಆಸುಂತಾ ತಟ್ಟೆಯಲ್ಲಿ ಸಕ್ಕರೆ ಅಚ್ಚು ಜೋಡಿಸುತ್ತಿದ್ದಳು. ಇಲಾರಿಯೋ ನಿಂತೇ ಎಲ್ಲವನ್ನೂ ಹೇಳಿದ. ಏನನ್ನೂ ಮುಚ್ಚಿಡಲಿಲ್ಲ, ಮೆದು ಮಾಡಲೂ ಇಲ್ಲ. ಹೇಳುವಷ್ಟು ಹೊತ್ತು ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದ.

ಆಸುಂತಾ ತಟ್ಟೆಯನ್ನು ಗೋಡೆಗೆ ಎಸೆದಳು. "ಅಷ್ಟು ವರ್ಷ ಉಣಿಸಿದ್ವಿ! ಕೊಬ್ಬು ತಿಂದ್ಲು, ಸಕ್ಕರೆ ತಿಂದ್ಲು, ಸಾಲ್ದು ಅಂತ ಇವನ ಚಿತ್ರಾನೂ ತಿಂದ್ಲಾ?"

"ಅವಳನ್ನ ಯಾಕೆ ಬೈತೀಯೆ," ಎಂದ ಸಾಬಿನೋ. ಅವನ ಮಾತು ಆಗ ತುಂಡು ತುಂಡಾಗಿ ಬರುತ್ತಿತ್ತು, ಪ್ರತಿ ತುಂಡಿಗೂ ಒಂದು ಉಸಿರು. "ಆರಿಸು ಅಂದೋನು ನಾನು. ಹೊಗೆ ಕುಡಿದ್ರೆ... ಕೆಮ್ಮು ಬರುತ್ತೆ ಅಂದೆ. ಯಂತ್ರಕ್ಕೆ ಕೆಮ್ಮು ಬಾರದಂಗೆ... ನೋಡ್ಕೊಂಡ್ನಲ್ಲ, ನಾನೆಂಥ ಜಾಣ!" ನಗಲು ಹೋಗಿ ಕೆಮ್ಮು ಹತ್ತಿ ಬಹಳ ಹೊತ್ತು ಬಿಡಲಿಲ್ಲ. ಬಿಟ್ಟಾದ ಮೇಲೆ ಎದೆಗೆ ಬೆರಳಿನಿಂದ ತಟ್ಟಿಕೊಂಡ. "ನಕಲು ಹೋಯ್ತು ಅಷ್ಟೇ ಕಂಪಾದ್ರೆ. ಅಸಲು ಇಲ್ಲಿದೆ. ನಾನು ಹೋದ ಮೇಲೆ... ಕೊಯ್ದು ನೋಡ್ಲಿ. ಹೊಗೆಯಿಂದ ಮಸಿ ಬರುತ್ತೆ. ಕಲ್ಲು ಬರಲ್ಲ."

"ಬಾಯ್ಮುಚ್ಚು!" ಆಸುಂತಾ ಕಿರುಚಿದಳು. "ನಿನ್ನ ಇಡಿಯಾಗಿ ಮಣ್ಣಿಗೆ ಕೊಡ್ತೀನಿ ನಾನು. ಒಂದು ಉಗುರೂ ಕತ್ತರಿಸೋಕೆ ಬಿಡಲ್ಲ."

"ಇಡೀ ಗಂಡನ್ನ... ಇಟ್ಕೊಂಡು ಏನು ತಿಂತೀಯಾ?" ಎಂದ ಅವನು.

ಇಲಾರಿಯೋ ಕೆಳಗೆ ಬಗ್ಗಿ ಚೂರಾದ ಸಕ್ಕರೆ ಅಚ್ಚುಗಳನ್ನು ಆರಿಸುತ್ತಿದ್ದ. ನಾವು ಹೊರಡುವಾಗ ಆಸುಂತಾ ಕಣ್ಣೊರೆಸಿಕೊಂಡು, "ಚಳಿ ಇದೆ, ಟೋಪಿ ಹಾಕ್ಕೋ ಕಂಪಾದ್ರೆ," ಎಂದಳು. ಅಷ್ಟು ಕಳೆದುಕೊಂಡ ಮೇಲೂ ಹಾಗೆ ಕರೆದಳಲ್ಲ ಎಂದು ಅವನು ದಾರಿಯುದ್ದಕ್ಕೂ ಅತ್ತ.

ಸಾಬಿನೋ ಡಿಸೆಂಬರ್‌ನಲ್ಲಿ ಹೋದ. ಆಸುಂತಾ ಒಂದು ಹಗಲು ಪೂರ್ತಿ ಹೆಣದ ಪಕ್ಕ ಕೂತಿದ್ದು, ಸಂಜೆ ಎದ್ದು ಬಂದು ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು. "ನೋಡಿ ಆದ ಮೇಲೆ ಎಲ್ಲಾನೂ ಒಳಗಿಟ್ಟು ಹೊಲೀಬೇಕು," ಎಂದು ಇಲಾರಿಯೋನಿಗೆ ಹೇಳಿದಳು, ಡಾಕ್ಟರಿಗಲ್ಲ. ಅವನು ಆಗಲಿ ಎಂದ. ಮಾತು ಕೊಡಬಾರದಿತ್ತು. ಆದರೆ ಆ ಮುಖ ನೋಡಿ ಯಾರು ತಾನೆ ಇಲ್ಲ ಎನ್ನುತ್ತಿದ್ದರು?

ಕೊಯ್ಯುವ ಕೋಣೆಯ ಹೊರಗೆ ನಾವಿಬ್ಬರೂ ನಿಂತಿದ್ದೆವು. ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಚಾಕು ಮೊದಲು ಸದ್ದಿಲ್ಲದೆ ಹೋಯಿತು. ಆಮೇಲೆ ಕರಕರ ಎಂದಿತು. ಅನ್ನದಲ್ಲಿ ಕಲ್ಲು ಸಿಕ್ಕಿದಾಗ ಹಲ್ಲಿನ ಕೆಳಗೆ ಆಗುವ ಸದ್ದು. ಇಲಾರಿಯೋ ಎರಡೂ ಕಿವಿ ಮುಚ್ಚಿಕೊಂಡ. ಡಾಕ್ಟರು ಹೊರಗೆ ಬಂದು, ಇದು ಕಲ್ಲೇ, ಅನುಮಾನ ಇಲ್ಲ ಎಂದರು. ಆದರೆ ತಮ್ಮ ಮಾತು ಸಾಕಾಗುವುದಿಲ್ಲ, ಶ್ವಾಸಕೋಶದ ಒಂದು ತುಂಡನ್ನು ಲಾ ಪಾಸ್‌ನವರು ತಾವೇ ನೋಡಬೇಕಂತೆ. ಡಬ್ಬಿಯಲ್ಲಿಟ್ಟು ಕಳಿಸಿದರು. ಸಾಬಿನೋನನ್ನು ಆ ತುಂಡಿಲ್ಲದೆಯೇ ಹೂಳಿದೆವು.

ಮೇ ತಿಂಗಳಲ್ಲಿ ಆಸುಂತಾಗೆ ಪಿಂಚಣಿ ಬಂತು. ಅಂಥ ಚಿತ್ರ ಕಳೆದುಕೊಂಡ ಎಷ್ಟೋ ಜನರಿಗೆ ಅದೂ ಬರಲಿಲ್ಲ. ಅವರು ಈಗಲೂ ನನ್ನ ಕಿಟಕಿಗೆ ಬಂದು ಕೇಳುತ್ತಾರೆ, ನಾನು ಈಗಲೂ ಇಲ್ಲ ಎನ್ನುತ್ತೇನೆ. ಇಲಾರಿಯೋನನ್ನು ಕೆಲಸದಿಂದ ತೆಗೆಯಲಿಲ್ಲ, ಆ ಯಂತ್ರ ಬೇರೆ ಯಾರಿಗೂ ಗೊತ್ತಿರಲಿಲ್ಲ. ಕೋವಾ ಅಂಗಳಕ್ಕೆ ಹೋಯಿತು. ಯಂತ್ರಗಳು ಈಗ ಮಲಗುವುದೇ ಇಲ್ಲ. ಪೂರ್ತಿ ನಕಲು ಆದ ಮಾರನೆಯ ದಿನ ಅವನು ಸಣ್ಣಕ್ಕನಿಂದ ಖಾಲಿ ಡಿಸ್ಕೊಂದರ ಮೇಲೆ ಒಂದು ಹಳೆಯ ಚಿತ್ರವನ್ನು ಕರೆದು, ತೆರೆದು, ಮೂಲೆ ಮೂಲೆ ನೋಡಿ, ಆಮೇಲೆ ಅಳಿಸುತ್ತಾನೆ. ಯಾವ ಚಿತ್ರವಾದರೂ ನಡೆಯುತ್ತದೆ. ಅವನು ಕರೆಯುವುದು ಮಾತ್ರ ಯಾವಾಗಲೂ ಜುಲೈನ ಆ ಒಂದನ್ನೇ.

ನವೆಂಬರ್‌ನಲ್ಲಿ ಸತ್ತವರು ಮನೆಗೆ ಬರುವ ದಿನ ಆಸುಂತಾ ಹೊಸ ಆತ್ಮಕ್ಕೆ ಮೇಜು ಹಾಕಿದಳು. ಮಗುವಿನ ಆಕಾರದ ರೊಟ್ಟಿ, ಮೇಲೇರಲು ರೊಟ್ಟಿಯದೇ ಏಣಿ, ಒಣಮಾಂಸ, ಅವನಿಗಿಷ್ಟದ ಸಿಗರೇಟು. ನಾವು ಹೋಗಿ ಕೂತೆವು. ಮಧ್ಯಾಹ್ನ, ಆತ್ಮ ಒಳಗೆ ಬರುವ ಹೊತ್ತಿಗೆ, ಅವಳು ಬಾಗಿಲನ್ನೇ ನೋಡುತ್ತಿದ್ದು ಮೆಲ್ಲಗೆ ಕೇಳಿದಳು.

"ಕಂಪಾದ್ರೆ, ಆ ತುಂಡು ಲಾ ಪಾಸ್‌ನಲ್ಲೇ ಇದ್ಯಲ್ಲ. ಇವನು ಅದಿಲ್ದೆ ಹೆಂಗೆ ಬರ್ತಾನೆ? ಏಣಿ ಹತ್ತೋಕೆ ಉಸಿರು ಬೇಡ್ವಾ? ನೀನು ಹೋದದ್ದನ್ನ ವಾಪಸ್ ತರಿಸೋ ಕೆಲಸದವನಲ್ವಾ? ತರಿಸಿಕೊಡು. ಇನ್ನೇನೂ ಕೇಳಲ್ಲ."

ಇಲಾರಿಯೋ ಮಾರನೆಯ ದಿನವೇ ಬಸ್ಸು ಹತ್ತಿದ. ಮಂಡಳಿಯ ಮೆಟ್ಟಿಲ ಮೇಲೆ ಕಾದು, ಬಾಗಿಲಿನಿಂದ ಬಾಗಿಲಿಗೆ ಅಲೆದು ಕೊನೆಗೆ ಒಬ್ಬ ಹೆಣ್ಣುಮಗಳನ್ನು ಹಿಡಿದ. ಅವಳು ಒಳ್ಳೆಯವಳೇ, ಹುಡುಕಿ ನೋಡಿ ಬಂದು ಹೇಳಿದಳಂತೆ. ತೀರ್ಮಾನವಾದ ಮೇಲೆ ಇಂಥವನ್ನು ಇಡುವುದಿಲ್ಲ, ಸುಟ್ಟುಬಿಡುತ್ತಾರೆ. ಸುಟ್ಟು ಆಗಲೇ ತಿಂಗಳುಗಳಾಗಿವೆ.

ಅವನು ವಾಪಸು ಬಂದ ದಿನ ನಾನು ಮಾರುಕಟ್ಟೆಯಲ್ಲಿ ಆಲೂಗೆಡ್ಡೆ ಕೊಳ್ಳುತ್ತಿದ್ದೆ. ಬಸ್ಸಿನ ಚೀಲ ಹೆಗಲಲ್ಲಿ ಇರುವಂತೆಯೇ ಆಸುಂತಾಳ ಅಂಗಡಿಯ ಮುಂದೆ ಹೋಗಿ ನಿಂತು ಹೇಳಿದ. ಸಿಡಿಲು ಎನ್ನಲಿಲ್ಲ. ಸುಟ್ಟಿದ್ದಾರೆ ಎಂದೇ ಹೇಳಿದ. ಅವಳು ಕೇಳಿಸಿಕೊಂಡಳು. ಅಳಲಿಲ್ಲ, ಏನನ್ನೂ ಎಸೆಯಲಿಲ್ಲ. ಉಣ್ಣೆಯ ಉಂಡೆಯನ್ನು ಕೆಳಗಿಟ್ಟು, ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡಳು.

"ಬಂದದ್ದು ಕೋವಾ ತಗೊಳ್ಳೋಕಾ ದೋನ್ ಇಲಾರಿಯೋ?" ಎಂದಳು. "ಮನೆಗಾ, ಆಫೀಸಿಗಾ?"

ಅವನು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದ. "ಆಫೀಸಿಗೆ," ಎಂದ.

ಅವಳು ಸೊಪ್ಪು, ಕೊಬ್ಬು, ಉಣ್ಣೆ, ಅಚ್ಚು ಎಲ್ಲವನ್ನೂ ಅಳೆದು ಪೊಟ್ಟಣ ಕಟ್ಟಿದಳು. ಅವನು ದುಡ್ಡು ಚಾಚಿದ. ಅವಳು ತೆಗೆದುಕೊಂಡಳು. ಉಳಿದ ಚಿಲ್ಲರೆಯನ್ನು ಅವನ ಅಂಗೈಯಲ್ಲಿಟ್ಟು, ಅವನ ಹಿಂದೆ ನಿಂತಿದ್ದ ಗಿರಾಕಿಗೆ ಏನು ಬೇಕೆಂದು ಕೇಳಿದಳು.